ಪಕ್ಕದ ಮನೆಯ ಅಜ್ಜಿಯ ‘ಆಯ್‌ರೆನ್’

ಹೋದ ವಾರ ನಾನು ಕೆಲಸ ಮಾಡುವ ವಿಟ್ಬಿಯ ಡೇಕೇರಿನಲ್ಲಿ ಗೋಂದು ಮುಗಿದುಹೋಗಿತ್ತು. ಆರ್ಡರ್ ಮಾಡಿದ್ದು ಬಂದಿರಲಿಲ್ಲ. ಮಕ್ಕಳು ಬಣ್ಣದ ಕಾಗದದ ಚೂರುಗಳನ್ನು ಹಿಡಿದುಕೊಂಡು ಸುತ್ತ ನಿಂತಿದ್ದವು. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಅಂಗಡಿಗೆ ಯಾರು ಹೋಗುತ್ತಿದ್ದರು ಎಂದು ಗೊಣಗುತ್ತ ಅಡುಗೆಮನೆಗೆ ಹೋಗಿ, ಸಣ್ಣ ಪಾತ್ರೆಯಲ್ಲಿ ನೀರಿಟ್ಟು, ಮೈದಾ ಹಿಟ್ಟು ಕಲಸಿ ಹುಯ್ದು, ಗಂಟಾಗದಂತೆ ತಿರುವತೊಡಗಿದೆ. ಹಿಟ್ಟು ಬೆಂದು ಅಂಟಾಗುವ ಹೊತ್ತಿಗೆ ಆ ವಾಸನೆ ಎದ್ದಿತು. ಹಸಿಯದೂ ಅಲ್ಲ, ಬೆಂದದ್ದೂ ಅಲ್ಲ, ಸ್ವಲ್ಪ ಹುಳಿ, ಸ್ವಲ್ಪ ಒದ್ದೆ ಬಟ್ಟೆಯದು… ಒಲೆ ಆರಿಸಿದೆ, ಎಲ್ಲ ಕಣ್ಣ ಮುಂದೆ ಬಂತು. ಸ್ಕಾರ್‌ಬರೋದಲ್ಲಿದ್ದ ನಮ್ಮ ಹಳೆಯ ಅಪಾರ್ಟ್‌ಮೆಂಟು, ಅದರ ಉದ್ದ ಕಾರಿಡಾರು, ಪಕ್ಕದ ಮನೆಯ ಬಾಗಿಲು, ಆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ ಚೀನೀ ಅಜ್ಜಿ. ಅವರು ಹೋಗಿ ಎಷ್ಟೋ ವರ್ಷವಾಯಿತು.

ಧಾರವಾಡದಿಂದ ಈ ದೇಶಕ್ಕೆ ಬಂದ ಹೊಸತರಲ್ಲಿ ನಾವಿದ್ದದ್ದು ಆ ಕಟ್ಟಡದಲ್ಲಿ. ಕೆಳಗಿನ ಪ್ಲಾಜಾದಲ್ಲಿ ತಮಿಳರ ಕಿರಾಣಿ ಅಂಗಡಿ, ಚೀನೀಯರ ಬೇಕರಿ, ಒಂದು ಲಾಂಡ್ರಿ. ಬಸ್ ಸ್ಟಾಪು ಅದರೆದುರಿಗೇ. ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ, ಅವರ ಮಗಳು, ಇಬ್ಬರೇ. ಮಗಳಿಗೂ ವಯಸ್ಸಾಗಿತ್ತು. ಒಬ್ಬ ಹಲ್ಲಿನ ಡಾಕ್ಟರರ ಆಫೀಸಿನಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಇಡೀ ದಿನ ಅಜ್ಜಿ ಒಂಟಿ.

ಅಜ್ಜಿಯ ಪರಿಚಯವಾದದ್ದು ಅವರು ನನ್ನ ಕೈಗೆ ಹೊಡೆದ ಮೇಲೆ. ಕಾರಿಡಾರಿನ ಗೋಡೆಗೆ ಒಂದು ಹಲಗೆ ಒರಗಿಸಿ, ಅದರ ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನು ಹಿಟ್ಟಿನ ಅಂಟು ಬಳಿದು ಪದರದ ಮೇಲೆ ಪದರ ಅಂಟಿಸಿ ಒಣಗಲು ಇಟ್ಟಿದ್ದರು. ನಮ್ಮ ಕಡೆ ಕೌದಿಗೆ ಹಳೆಯ ಸೀರೆ, ಧೋತರ ಹಾಸುವುದನ್ನು ನೋಡಿ ಬೆಳೆದವಳು ನಾನು. ಬಟ್ಟೆಯ ಮೇಲೆ ಬಟ್ಟೆ ಕಂಡರೆ ಕೈ ತಾನಾಗಿ ಹೋಗುತ್ತದೆ. ಮುಟ್ಟಿದೆ. ಪಟ್ಟನೆ ಒಂದು ಏಟು ಬಿತ್ತು. ‘ವೆಟ್’ ಎಂದರು ಅಜ್ಜಿ. ಆಮೇಲೆ ನನ್ನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಹೊಸಕಿ ನೋಡಿ, ‘ಕಾಟನ್. ಗುಡ್. ಓಲ್ಡ್, ಯೂ ಗಿವ್’ ಎಂದರು. ಕೇಳುವ ಧಾಟಿಯಲ್ಲ, ಅಪ್ಪಣೆಯ ಧಾಟಿ.

ಅವರು ಮಾಡುತ್ತಿದ್ದದ್ದು ಬಟ್ಟೆಯ ಬೂಟಿನ ಅಟ್ಟೆ. ಒಣಗಿದ ಪದರಗಳನ್ನು ಪಾದದ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿಯುವುದು. ಮನೆಗೆ ಹೋಗಿ ಪೆಟ್ಟಿಗೆ ತೆಗೆದೆ. ನಮ್ಮವ್ವ ಕೊಟ್ಟ ಇಳಕಲ್ ಸೀರೆ ಕೈಗೆ ಬಂತು, ಅಲ್ಲಲ್ಲಿ ಪಿಸಿದಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

‘ಅವ್ವನ ಸೀರಿ ಯಾರದರ ಕಾಲಾಗ ಹೋಗೂದಂದ್ರ ಹ್ಯಾಂಗ ರೀ’ ಎಂದೆ ನಮ್ಮ ಮನೆಯವರಿಗೆ.

‘ಪೆಟ್ಟಿಗಿಯೊಳಗ ಹುಳ ತಿಂದ್ರ ನಡೀತದೇನು?’ ಎಂದರು ಅವರು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಸಿಟ್ಟು ಬಂತು. ಅವ್ವನ ಸೀರೆ ಮಡಿಸಿ ವಾಪಸು ಇಟ್ಟು, ನನ್ನದೇ ಎರಡು ಹಳೆಯ ವಾಯಿಲ್ ಸೀರೆ ಒಯ್ದು ಕೊಟ್ಟೆ. ಅಜ್ಜಿ ಅಂಚು ಹರಿದು ಬೇರೆ ಮಾಡಿ, ಉಳಿದದ್ದನ್ನು ಅಲ್ಲೇ ತುಂಡು ತುಂಡು ಮಾಡಿದರು. ಅಂದಿನಿಂದ ಸಂಜೆ ಕೆಲಸದಿಂದ ಬಂದ ಮೇಲೆ ಒಂದಿಷ್ಟು ಹೊತ್ತು ಅವರ ಮನೆಯಲ್ಲಿ ಕೂರುವುದು ರೂಢಿಯಾಯಿತು. ನನ್ನನ್ನು ‘ಟೀಚರ್’ ಎಂದು ಕರೆಯುತ್ತಿದ್ದರು. ಡೇಕೇರಿನಲ್ಲಿ ಮೂಗು ಒರೆಸುವವಳನ್ನು ಟೀಚರ್ ಎಂದವರು ಅವರೊಬ್ಬರೇ.

ಗೋಡೆಯ ಮೇಲೆ ಒಂದು ಫೋಟೊ ಇತ್ತು. ಸೈನ್ಯದ ಟೋಪಿ, ಗುಂಡು ಮುಖ, ನಗಬೇಕೋ ಬೇಡವೋ ಎನ್ನುವಂಥ ಬಾಯಿ. ‘ಹಸ್ಬೆಂಡ್?’ ಎಂದು ಕೇಳಿದೆ. ಅಜ್ಜಿ ಜೋರಾಗಿ ತಲೆ ಅಲ್ಲಾಡಿಸಿದರು. ‘ನೋ. ಆಯ್‌ರೆನ್.’ ನನ್ನ ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಇತ್ತು. ಅದನ್ನು ಅವರ ಬಾಯಿ ಹತ್ತಿರ ಹಿಡಿದೆ, ಅವರು ಮತ್ತೆ ಹೇಳಿದರು. ಫೋನಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ, ಲವಲವಿಕೆಯಿಂದ, ‘ಲವರ್’ ಎಂದಳು. ನಾನು ಫೋಟೊ ನೋಡಿದೆ, ಅಜ್ಜಿಯನ್ನು ನೋಡಿದೆ. ಕೇಳಬಾರದ್ದನ್ನು ಕೇಳಿದೆನೇನೋ ಅನ್ನಿಸಿ ಚಹಾ ಕುಡಿದು ಎದ್ದುಬಂದೆ.

‘ನಿನ್ನ ಅಜ್ಜಿ ಭಾರಿ ಇದ್ದಾಳ ಬಿಡು. ಜನರಲ್ ಸಾಹೇಬರ ಲವರ್ ಅಂತ. ಮತ್ತ ಅದನ್ನ ಬಾಯಿಬಿಟ್ಟು ಹೇಳ್ಯಾಳ’ ಎಂದು ನಮ್ಮ ಮನೆಯವರು ನಕ್ಕರು.

ನಮ್ಮ ಕಟ್ಟಡದಲ್ಲಿ ಹಾಗೆ ತಿಳಿದವರು ನಾವಷ್ಟೇ ಆಗಿರಲಿಲ್ಲ. ನೆಲಮಹಡಿಯ ಪಾರ್ಟಿ ರೂಮಿನಲ್ಲಿ ವಾರಕ್ಕೆರಡು ಮಧ್ಯಾಹ್ನ ಚೀನೀ ಹೆಂಗಸರು ಸೇರಿ ಆಟ ಆಡುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಹೆಚ್ಚಿನವರು ಹಾಂಗ್‌ಕಾಂಗಿನ ಕಡೆಯವರು. ಅಜ್ಜಿ ಮಾತ್ರ ಲಿಫ್ಟಿನ ಹತ್ತಿರದ ಬೆಂಚಿನ ಮೇಲೆ, ಅಟ್ಟೆ ಹೊಲಿಯುತ್ತ, ಒಳಗಿನ ನಗು ಕೇಳಿಸಿಕೊಳ್ಳುತ್ತ ಕೂತಿರುತ್ತಿದ್ದರು. ಅವರಲ್ಲೊಬ್ಬ ಹೆಂಗಸನ್ನು ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಕೇಳಿಯೇಬಿಟ್ಟೆ, ಆ ಮುದುಕಿಯನ್ನೂ ಒಳಗೆ ಕರೆಯಬಾರದೇ ಎಂದು. ಆಕೆ ಡ್ರೈಯರಿನಿಂದ ಬಟ್ಟೆ ತೆಗೆಯುತ್ತ, ದನಿ ತಗ್ಗಿಸಿ ಹೇಳಿದಳು: ‘ಅವಳು ಯಾರೋ ದೊಡ್ಡ ಆಫೀಸರನ ಇಟ್ಟುಕೊಂಡವಳು. ನಾವು ಕಟ್ಟಿದ ಕಥೆಯಲ್ಲ, ಅವಳೇ ಹೇಳಿದ್ದು. ಮೊದಲ ದಿನವೇ, ಎಲ್ಲರೆದುರಿಗೆ, ನಾಚಿಕೆಯಿಲ್ಲದೆ.’

ಗಂಟು ಬಿಚ್ಚಿದವರು ಅಜ್ಜಿಯ ಮಗಳು. ಒಂದು ಭಾನುವಾರ, ಕ್ಯಾಬೇಜು ಹೆಚ್ಚುತ್ತ, ಏನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ ಹೇಳಿದರು. ಕ್ರಾಂತಿಯ ಚೀನಾದಲ್ಲಿ ಆಯ್‌ರೆನ್ ಎಂದರೆ ಗಂಡ, ಆಯ್‌ರೆನ್ ಎಂದರೆ ಹೆಂಡತಿ. ಕೈಹಿಡಿದವರು, ಅಷ್ಟೇ. ಅದೇ ಮಾತು ಹಾಂಗ್‌ಕಾಂಗಿನವರ ಕಿವಿಗೆ ಬಿದ್ದರೆ ಇಟ್ಟುಕೊಂಡವಳು.

‘ಅಮ್ಮನಿಗೆ ಹೇಳಿ ಹೇಳಿ ಸಾಕಾಗಿದೆ. ಗಂಡ ಅನ್ನುವುದಕ್ಕೆ ನಮ್ಮಲ್ಲಿ ಬೇರೆ ಶಬ್ದಗಳಿವೆ. ಅದರಲ್ಲಿ ಒಂದನ್ನು ಹೇಳಿದ್ದರೆ ಈ ಕಟ್ಟಡದಲ್ಲಿ ಅವರಿಗೆ ಹತ್ತು ಜನ ಗೆಳತಿಯರಿರುತ್ತಿದ್ದರು. ಹೇಳುವುದಿಲ್ಲ.’

ಅಜ್ಜಿ ಕಿಟಕಿಯ ಹತ್ತಿರ ಕೂತು ದಾರಕ್ಕೆ ಮೇಣ ಸವರುತ್ತಿದ್ದರು. ಮಗಳು ತಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆಂದು ಗೊತ್ತಿತ್ತು. ತಲೆ ಎತ್ತಲಿಲ್ಲ.

ನಾನು ಕೆಳಗೆ ಹೋಗಿ ಆ ಹೆಂಗಸರಿಗೆ ತಿಳಿಸಿ ಹೇಳಿದೆ. ಒಬ್ಬಿಬ್ಬರು ಪಾಪ ಎಂದರು. ಒಬ್ಬಾಕೆ ಒಮ್ಮೆ ಅಜ್ಜಿಗೆ ಕಿತ್ತಳೆ ಹಣ್ಣು ಕೊಟ್ಟಳು. ಆದರೆ ಆ ಹೊತ್ತಿಗೆ ಯಾರ ಕುರ್ಚಿ ಎಲ್ಲಿ ಎಂಬುದು ನಿರ್ಧಾರವಾಗಿಬಿಟ್ಟಿತ್ತು. ಒಮ್ಮೆ ಅಂಟಿದ ಹೆಸರು ಬಿಡುವುದಿಲ್ಲ.

ಅಜ್ಜಿಯನ್ನು ಖುಷಿಪಡಿಸೋಣವೆಂದು ನಾನೂ ಆ ಶಬ್ದ ಕಲಿತೆ. ಒಂದು ಸಂಜೆ ಫೋಟೊದ ಕಡೆ ಕೈ ತೋರಿಸಿ, ಬಹಳ ಗೌರವದಿಂದ, ‘ಯುವರ್ ಆಯ್‌ರೆನ್, ಗುಡ್ ಮ್ಯಾನ್’ ಎಂದೆ. ಅಜ್ಜಿ ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಹೊಲಿಗೆ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಅವರ ಭಾಷೆಯಲ್ಲಿ ದನಿ ಇಳಿಸಿ ಹೇಳಬೇಕಾದ್ದನ್ನು ನಾನು ದನಿ ಬಗ್ಗಿಸಿ ಮೇಲೆ ಎಳೆದಿದ್ದೆ. ಹಾಗೆ ಎಳೆದರೆ ಅದರ ಅರ್ಥ ಕುಳ್ಳ. ಅಜ್ಜಿ ಎದ್ದು ನಿಂತು, ತಮ್ಮ ಕಿವಿಯ ಹತ್ತಿರ ಕೈ ಇಟ್ಟು ತೋರಿಸಿದರು, ಫೋಟೊದವರು ನಿಜಕ್ಕೂ ಇಷ್ಟೇ ಎತ್ತರ ಎಂದು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ನಗುವಿನಿಂದಲೇ ಕಥೆ ಶುರುವಾಯಿತು ಅನ್ನಬೇಕು. ಒಂದಿಷ್ಟು ಫೋನಿನ ಮೂಲಕ, ಒಂದಿಷ್ಟು ಕೈಸನ್ನೆಯಲ್ಲಿ, ಭಾನುವಾರಗಳಲ್ಲಿ ಮಗಳ ಬಾಯಲ್ಲಿ, ಎರಡು ಚಳಿಗಾಲ ನಡೆಯಿತು. ಅಜ್ಜಿಯ ತಂದೆಗೆ ಬಟ್ಟೆಯ ಅಂಗಡಿ ಇತ್ತಂತೆ. ನೋಡದ ಗಂಡಿಗೆ ಕೊಡಲು ಮಾತಾಗಿದ್ದಾಗ ಹುಡುಗಿ ಜಡೆ ಕತ್ತರಿಸಿಕೊಂಡು ಕ್ರಾಂತಿಯ ಸೈನ್ಯಕ್ಕೆ ಓಡಿಹೋದಳು. ಸೈನಿಕರಿಗೆ ಅಕ್ಷರ ಕಲಿಸಿದಳು, ಗಾಯ ತೊಳೆದಳು, ಊರೂರಲ್ಲಿ ಹೆಂಗಸರನ್ನು ಕೂಡಿಸಿ ಸೈನ್ಯಕ್ಕೆ ಬೂಟು ಹೊಲಿಸಿದಳು. ಒಂದು ದಿನ ಮೇಲಿನವರು ಕರೆದು, ‘ಕಾಮ್ರೇಡ್, ಕಮಾಂಡರರ ವೈಯಕ್ತಿಕ ಸಮಸ್ಯೆಯೊಂದನ್ನು ಬಗೆಹರಿಸಬೇಕಾಗಿದೆ’ ಎಂದರು. ಸಮಸ್ಯೆ ಎಂದರೆ ಮದುವೆ. ಕಮಾಂಡರ್ ವಯಸ್ಸಿನಲ್ಲಿ ಅವಳಿಗಿಂತ ಬಹಳ ದೊಡ್ಡವರು.

‘ಇದಕ್ಕೇ ಅಪ್ಪನ ಮನೆ ಬಿಟ್ಟು ಓಡಿದ್ದಾ?’ ಎಂದು ಕೇಳಿದೆ. ಅಜ್ಜಿ ಭುಜ ಹಾರಿಸಿದರು. ಮೊದಲು ಅವರಿಗೂ ಹಾಗೇ ಅನ್ನಿಸಿತ್ತಂತೆ. ಮುಖ ನೋಡಿಲ್ಲದ ಆ ಮನುಷ್ಯನಿಗೆ ಒಂದು ಜೊತೆ ಬೂಟು ಹೊಲಿದು ಕಳಿಸಿದರು. ಕಮಾಂಡರ್ ಎಂದರೆ ದೊಡ್ಡ ಆಳಿರಬೇಕು ಎಂದು ದೊಡ್ಡ ಅಳತೆಗೇ ಹೊಲಿದರು. ಬಂದವರು ನೋಡಿದರೆ ಇವರ ಕಿವಿಯಷ್ಟೆತ್ತರ. ಬೂಟಿನೊಳಗೆ ಹುಲ್ಲು ತುಂಬಿಕೊಂಡು, ಏನೂ ಆಗಿಲ್ಲವೆಂಬಂತೆ, ಗಂಭೀರವಾಗಿ ನಡೆದು ಬಂದರಂತೆ. ‘ಆಗ ಒಪ್ಪಿದೆ’ ಎಂದರು ಅಜ್ಜಿ.

ಒಂದು ಸಲ ನಮ್ಮಿಬ್ಬರಿಗೂ ಜಗಳವಾಯಿತು. ನನ್ನ ಗಂಡನನ್ನು ನಾನು ಏನೆಂದು ಕರೆಯುತ್ತೇನೆ ಎಂದು ಕೇಳಿದರು. ಹೆಸರು ಹಿಡಿಯುವುದಿಲ್ಲ, ಮನೆಯವರು ಅನ್ನುತ್ತೇವೆ ಎಂದೆ. ಅಜ್ಜಿ ಮುಖ ಸಿಂಡರಿಸಿದರು. ಅವರಲ್ಲೂ ಹಿಂದೆ ಹೆಂಡತಿಯನ್ನು ‘ಒಳಗಿನವಳು’ ಅನ್ನುತ್ತಿದ್ದರಂತೆ. ಅಂಥದ್ದನ್ನೆಲ್ಲ ಗುಡಿಸಿ ಹಾಕಿ, ಗಂಡನಿಗೂ ಹೆಂಡತಿಗೂ ಒಂದೇ ಮಾತು ಇರಲಿ, ಯಾರೂ ಒಳಗಿಲ್ಲ, ಯಾರೂ ಯಜಮಾನರಲ್ಲ ಎಂದು ಆಯ್‌ರೆನ್ ಎಂಬುದನ್ನು ಬಳಕೆಗೆ ತಂದರಂತೆ. ನಿಮ್ಮ ಕ್ರಾಂತಿ ನಿಮಗಿರಲಿ, ನಮ್ಮ ಮನೆಯವರು ನಮಗಿರಲಿ ಎಂದು ನಾನೂ ಬಿಡಲಿಲ್ಲ. ಮನೆಯವರು ಅನ್ನುವುದರಲ್ಲಿ ಎಷ್ಟು ಮರ್ಯಾದೆ ಇದೆ ಎಂಬುದನ್ನು ಆ ಆ್ಯಪ್ ಹೇಗೆ ಹೇಳೀತು…

ಅದೇ ಸಿಟ್ಟಿನಲ್ಲಿ ಇರಬೇಕು, ನಾನು ಕೇಳಿದೆ. ಒಂದು ಶಬ್ದಕ್ಕಾಗಿ ಯಾಕಿಷ್ಟು ಹಟ, ಕೆಳಗಿನ ಹೆಂಗಸರೆದುರಿಗೆ ಬೇರೆ ಏನಾದರೂ ಹೇಳಿದರೆ ಗಂಟೇನು ಹೋಗುತ್ತದೆ ಎಂದು. ಅಜ್ಜಿ ಸೂಜಿಯನ್ನು ಅಟ್ಟೆಗೆ ಚುಚ್ಚಿ ಕೆಳಗಿಟ್ಟರು. ಆಮೇಲೆ ನನ್ನ ಕೈಯಿಂದ ಫೋನು ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಅದಕ್ಕೆ ಹೇಳತೊಡಗಿದರು. ಒಂದೊಂದೇ ವಾಕ್ಯ. ಪ್ರತಿ ವಾಕ್ಯದ ನಂತರ ಫೋನಿನ ಹೆಂಗಸು, ಹವಾಮಾನ ಹೇಳುವಂಥ ದನಿಯಲ್ಲಿ, ಅದನ್ನು ಇಂಗ್ಲಿಷು ಮಾಡುತ್ತಿದ್ದಳು.

ಸಾಂಸ್ಕೃತಿಕ ಕ್ರಾಂತಿಯ ಕಾಲ. ಕಮಾಂಡರರನ್ನು ದ್ರೋಹಿ ಎಂದು ಹಿಡಿದಿದ್ದರು. ಮೈದಾನದಲ್ಲಿ ಸಭೆ. ಅವರ ಕೊರಳಿಗೆ ಬೋರ್ಡು ಕಟ್ಟಿ ವೇದಿಕೆಯ ಮೇಲೆ ಬಗ್ಗಿಸಿ ನಿಲ್ಲಿಸಿದ್ದರು. ಹೆಂಡತಿ ಬಂದು ಎಲ್ಲರೆದುರಿಗೆ ಗೆರೆ ಎಳೆಯಬೇಕು, ನಾನು ಇವನ ಕಡೆಯವಳಲ್ಲ ಎಂದು. ಇಲ್ಲವಾದರೆ ಮಗಳನ್ನು ತಾಯಿಯಿಂದ ಬಿಡಿಸಿ ಎಲ್ಲಿಗೋ ಕಳಿಸುತ್ತೇವೆ ಎಂದಿದ್ದರು.

‘ನಾನು ಮೈಕಿನ ಮುಂದೆ ಹೋದೆ’ ಎಂದಳು ಫೋನಿನ ಹೆಂಗಸು. ‘ಅವನು ನನ್ನ ಲವರ್ ಅಲ್ಲ ಎಂದು ಹೇಳಿದೆ. ಕೇಳಿಸಲಿಲ್ಲ ಎಂದರು. ಅವನು ನನ್ನ ಲವರ್ ಅಲ್ಲ ಎಂದು ಜೋರಾಗಿ ಹೇಳಿದೆ.’

ಅಜ್ಜಿಯ ಬಾಯಲ್ಲಿ ಆ ಶಬ್ದ ಬಂದಾಗಲೆಲ್ಲ ಕೇಳಿಸುತ್ತಿತ್ತು, ದನಿ ಇಳಿಸಿ ಹೇಳುವ ಆಯ್‌ರೆನ್. ಅದರ ಹಿಂದೆಯೇ ಲವರ್, ಲವರ್ ಎಂದು ಆ ನಗುಮುಖದ ಇಂಗ್ಲಿಷು. ಫೋನನ್ನು ಕಸಿದುಕೊಂಡು ಆರಿಸಿಬಿಡಬೇಕು ಅನ್ನಿಸಿತು. ಆದರೆ ಅಜ್ಜಿ ಹಿಡಿತ ಸಡಿಲಿಸಲಿಲ್ಲ.

ವಿಚ್ಛೇದನವಾಯಿತು. ಕಮಾಂಡರರನ್ನು ದೂರದ ಚಳಿಯ ಸೀಮೆಗೆ ಸಾಗಿಸಿದರು, ಅಲ್ಲೇ ಸತ್ತರು. ಇವರಿಗೆ ತಿಳಿದದ್ದು ಹಿಮ ಕರಗಿದ ಮೇಲೆ. ವರ್ಷಗಳು ಕಳೆದು ಮೇಲಿನವರು ಬದಲಾದಾಗ, ಅವರು ದ್ರೋಹಿಯಲ್ಲ, ಕ್ರಾಂತಿಯ ವೀರ ಎಂದು ಹೂವಿನ ಚಕ್ರವಿಟ್ಟು ಸಭೆ ಮಾಡಿದರು. ಮಗಳನ್ನು ಕರೆದರು. ಹೆಂಡತಿಯನ್ನು ಕರೆಯಲಿಲ್ಲ. ಹೆಂಡತಿ ಇರಲಿಲ್ಲವಲ್ಲ, ಆಕೆಯೇ ಬಿಟ್ಟವಳು. ಅಜ್ಜಿ ಗೇಟಿನ ಹೊರಗೆ ಮರದ ಕೆಳಗೆ ನಿಂತಿದ್ದರಂತೆ. ಅವರ ಹೆಸರು ಅವರಿಗೆ ವಾಪಸು ಬಂತು, ನನ್ನದು ಬರಲಿಲ್ಲ ಎಂದರು.

‘ಯಾವ ಶಬ್ದದಿಂದ ಬಿಟ್ಟೆನೋ ಅದೇ ಶಬ್ದದಿಂದ ಹೇಳಬೇಕು. ಬೇರೆ ಶಬ್ದ ಬೇರೆಯವರಿಗೆ.’

ಅಷ್ಟು ಹೇಳಿ ಫೋನು ನನಗೆ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ತಬ್ಬಿಕೊಳ್ಳುತ್ತಿದ್ದರೇನೋ, ನಮಗೆ ಅದೆಲ್ಲ ಬರುವುದಿಲ್ಲ. ಅವರ ಪಕ್ಕ ಕೂತು, ಅವರು ಬಿಟ್ಟಿದ್ದ ಅಟ್ಟೆಯನ್ನು ಎತ್ತಿಕೊಂಡು ಎರಡು ಹೊಲಿಗೆ ಹಾಕಿದೆ. ಅಜ್ಜಿ ನೋಡಿ, ಸರಿಯಾಗಿಲ್ಲವೆಂದು ಬಿಚ್ಚಿದರು.

ಅದಾದ ಮರುವರ್ಷ ಅವರ ಶ್ವಾಸಕೋಶ ಕೆಟ್ಟಿತು. ಮಲಗಿದಲ್ಲಿಂದಲೇ ನನ್ನನ್ನು ಕರೆಸಿ ಒಂದು ಕೆಲಸ ಹೇಳಿದರು. ಸತ್ತ ಮೇಲೆ ಕಲ್ಲು ಹಾಕಿಸುತ್ತಾರಲ್ಲ, ಅದರ ಮೇಲೆ ತಮ್ಮ ಹೆಸರಿನ ಪಕ್ಕದಲ್ಲಿ ಕಮಾಂಡರರ ಹೆಸರು, ಅವರ ಆಯ್‌ರೆನ್ ಎಂದು ಬರೆಸಬೇಕು. ಬೇರೆ ಏನೂ ಬೇಡ. ಮಗಳಿಗೆ ನೀನು ಹೇಳು, ಟೀಚರ್.

‘ನೀವೇ ಹೇಳಿ’ ಎಂದೆ.

‘ಅವಳ ಹತ್ತಿರ ಆ ಮಾತು ಆಡಲು ಆಗುವುದಿಲ್ಲ’ ಎಂದರು.

ಒಂದೇ ಅಡುಗೆಮನೆಯಲ್ಲಿ ಅಷ್ಟು ವರ್ಷ ಉಂಡವರು. ಮಗಳಿಗೆ ನಾನು ಅಂದೇ ಸಂಜೆ ಹೇಳಿದೆ, ಕಾರಿಡಾರಿನಲ್ಲಿ ನಿಲ್ಲಿಸಿ. ಅವರು ಬೀಗದ ಕೈ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು. ‘ನೋಡೋಣ’ ಎಂದು ಒಳಗೆ ಹೋದರು. ದಿನ ಬಿಟ್ಟು ದಿನ ಅಜ್ಜಿ ನನ್ನ ಮುಖ ನೋಡುತ್ತಿದ್ದರು. ಹೇಳಿದ್ದೇನೆ ಎಂದು ತಲೆ ಆಡಿಸುತ್ತಿದ್ದೆ. ಒಪ್ಪಿದಳೇ ಎಂದು ಅವರು ಕೇಳಲಿಲ್ಲ. ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದರು. ಮಣ್ಣಿಗೆ ಬಂದವರು ಕೆಲವೇ ಜನ. ಕಿತ್ತಳೆ ಹಣ್ಣು ಕೊಟ್ಟಿದ್ದಾಕೆ ಬಂದಿದ್ದಳು, ಹಿಂದಿನ ಸಾಲಿನಲ್ಲಿ ನಿಂತಿದ್ದಳು.

ಬೇಸಿಗೆ ಬರುವ ಹೊತ್ತಿಗೆ ಮಗಳು ಫೋನು ಮಾಡಿ, ಕಲ್ಲು ಹಾಕಿಸಿದ್ದೇನೆ, ಬರುತ್ತೀರಾ ಎಂದರು. ಬಸ್ಸಿನಲ್ಲಿ ಹೋದೆವು. ಬೂದು ಬಣ್ಣದ ಸಣ್ಣ ಕಲ್ಲು. ಚೀನೀ ಅಕ್ಷರಗಳು ಬರೀ ಮೂರು. ಅಜ್ಜಿಯ ಹೆಸರಿನಲ್ಲಿ ಮೂರೇ ಅಕ್ಷರ ಎಂದು ನನಗೆ ಗೊತ್ತಿತ್ತು. ನನ್ನ ಮೈ ಉರಿಯಿತು. ಸಾಯುವವರು ಕೇಳಿದ್ದು ಒಂದು ಶಬ್ದ, ಅದನ್ನೂ ಕೊಡಲಿಲ್ಲವಲ್ಲ ಎಂದು. ಆಮೇಲೆ ಕೆಳಗೆ ನೋಡಿದೆ. ಹುಲ್ಲಿಗೆ ತಾಗುವ ಹಾಗೆ, ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಇಂಥವರ ಹೆಂಡತಿ ಎಂದು, ಕಮಾಂಡರರ ಹೆಸರಿನ ಜೊತೆಗೆ.

‘ಇದನ್ನು ಚೀನೀ ಭಾಷೆಯಲ್ಲಿ ಯಾಕೆ ಬರೆಸಲಿಲ್ಲ?’ ಎಂದು ಕೇಳಿದೆ.

ಮಗಳು ಕಲ್ಲಿನ ಮೇಲಿನ ಧೂಳು ಒರೆಸುತ್ತಿದ್ದರು. ‘ಆ ಮೈದಾನದ ಸಭೆಯ ದಿನ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು’ ಎಂದರು. ‘ಮನೆಯಲ್ಲಿ ಅಪ್ಪ ಅಮ್ಮ ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಅಮ್ಮನ ಬಾಯಲ್ಲಿ ಆ ಶಬ್ದವನ್ನು ನಾನು ಮೊದಲ ಸಲ ಕೇಳಿದ್ದೇ ಮೈಕಿನಲ್ಲಿ. ಅಲ್ಲ ಅನ್ನುವುದರ ಜೊತೆಗೆ. ನನಗೋಸ್ಕರ ಹೇಳಿದರು, ಗೊತ್ತು. ಗೊತ್ತಿರುವುದೇ ಕಷ್ಟ. ಕೆತ್ತುವವನ ಮುಂದೆ ಕೂತು ಆ ಅಕ್ಷರ ಬರೆಯಲು ಹೋದೆ, ಕೈ ಏಳಲಿಲ್ಲ. ಇಂಗ್ಲಿಷಿನಲ್ಲಾದರೆ ಬರೆಯಬಲ್ಲೆ. ಇಂಗ್ಲಿಷಿನಲ್ಲಿ ನಮಗೆ ಯಾರೂ ಏನೂ ಮಾಡಿಲ್ಲ.’

ನನ್ನ ಮಗನೂ ಫೋನು ಇಡುವಾಗ ‘ಲವ್ ಯೂ ಅಮ್ಮ’ ಅನ್ನುತ್ತಾನೆ. ಅದನ್ನು ಕನ್ನಡದಲ್ಲಿ ಹೇಳು ಎಂದರೆ ಅವನೂ ತಡವರಿಸುತ್ತಾನೆ, ನಾನೂ ತಡವರಿಸುತ್ತೇನೆ. ಮಗಳ ಮೇಲಿನ ಸಿಟ್ಟು ಅಲ್ಲೇ ಇಳಿದುಹೋಯಿತು. ದುಃಖ ಮಾತ್ರ ಇಳಿಯಲಿಲ್ಲ.

ಈಗ ಆ ಮಗಳು ವ್ಯಾಂಕೂವರಿನಲ್ಲಿದ್ದಾರೆ. ವಿಟ್ಬಿಯಿಂದ ಆ ಸ್ಮಶಾನ ಬಹಳ ದೂರವಲ್ಲ, ಮೊನ್ನೆ ಶನಿವಾರ ನಮ್ಮ ಮನೆಯವರು ಕರೆದುಕೊಂಡು ಹೋದರು. ಹುಲ್ಲು ಬೆಳೆದು ಕೆಳಗಿನ ಸಾಲು ಅರ್ಧ ಮುಚ್ಚಿಹೋಗಿತ್ತು. ಮೊಣಕಾಲೂರಿ ಕೂತು ಕಿತ್ತೆ. ಅಕ್ಷರಗಳು ಚೆನ್ನಾಗಿಯೇ ಇವೆ, ಯಾರು ಬಂದರೂ ಓದಬಹುದು. ಅಜ್ಜಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.